ಫಿಲೊಮಿನಾ: ಮೂರು ಹೆಂಚುಗಳ ಮೇಲಿನ ಹೆಸರು



ವ್ಯಕ್ತಿನಾಮಗಳ ಅಧ್ಯಯನಕ್ಕೆಂದು ಇಟ್ಟ ಈ ದತ್ತಿಯ ಉಪನ್ಯಾಸಕ್ಕೆ ನಾನು ಒಂದೇ ಒಂದು ಹೆಸರನ್ನು ಎತ್ತಿಕೊಂಡಿದ್ದೇನೆ. ಅದು ಕನ್ನಡದ ಹೆಸರಲ್ಲ, ಆದರೆ ಕರ್ನಾಟಕಕ್ಕೆ ಹೊಸದೂ ಅಲ್ಲ. ಮೈಸೂರಿನ ಅಶೋಕ ರಸ್ತೆಯಲ್ಲಿ ಅವಳಿ ಗೋಪುರದ ಚರ್ಚನ್ನು ತಲೆಯೆತ್ತಿ ನೋಡಿದವರ ಬಾಯಲ್ಲಿ ಆ ಹೆಸರು ಒಮ್ಮೆಯಾದರೂ ಬಂದಿರುತ್ತದೆ. ಮೈಸೂರಿನಲ್ಲೂ ಪುತ್ತೂರಿನಲ್ಲೂ ಅದೇ ಹೆಸರಿನ ಕಾಲೇಜುಗಳಲ್ಲಿ ಓದಿದವರು ಈ ಸಭೆಯಲ್ಲೇ ಇರಬಹುದು. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಅಜ್ಜಿಯಂದಿರ ತಲೆಮಾರಿನ ಹೆಸರುಗಳನ್ನು ಕೇಳುತ್ತ ಹೋದರೆ ಆಗ್ನೆಸ್, ಸಿಸಿಲಿಯಾ, ಲೂಸಿಗಳ ಜೊತೆಗೆ ಅದೂ ಬರುತ್ತದೆ: ಫಿಲೊಮಿನಾ.

ಇಂದು ಹುಟ್ಟುವ ಕೂಸಿಗೆ ಈ ಹೆಸರಿಡುವವರು ವಿರಳ. ಅದು ಹಳೆಯ ಕಾಲದ ಹೆಸರಾಗಿದೆ. ಹಾಗಾಗಿ ಅದರ ಚರಿತ್ರೆಯನ್ನು ಓದಲು ಇದು ಒಳ್ಳೆಯ ಕಾಲ. ಬಳಕೆಯ ಭರಾಟೆಯಲ್ಲಿರುವ ಹೆಸರನ್ನು ಯಾರೂ ನಿಂತು ನೋಡುವುದಿಲ್ಲ.

ಮಗುವಿಗೆ ಹೆಸರು ಹುಡುಕುವಾಗ ನಾವು ಮೊದಲು ಕೇಳುವುದು "ಅರ್ಥ ಏನು?" ಎಂದು. ನಾಮಕರಣದ ಪುಸ್ತಕಗಳು ಹೆಸರಿನ ಎದುರಿಗೆ ಎರಡು ಪದಗಳ ಅರ್ಥ ಬರೆದು ಮುಗಿಸುತ್ತವೆ. ಫಿಲೊಮಿನಾ ಎಂಬ ಹೆಸರಿನ ಎದುರಿಗೆ ಆ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಮೂರು ಅರ್ಥಗಳು ಸಿಗುತ್ತವೆ: ಒಲವಿಗೆ ಪಾತ್ರಳಾದವಳು, ಶಕ್ತಿಯನ್ನು ಪ್ರೀತಿಸುವವಳು, ಬೆಳಕಿನ ಮಗಳು. ಮೂರೂ ಏಕಕಾಲಕ್ಕೆ ಸರಿಯಾಗಿರಲಾರವು. ಒಂದು ನಿಜ, ಒಂದು ಊಹೆ, ಒಂದು ಭಕ್ತಿಯಿಂದ ಹುಟ್ಟಿದ್ದು. ಆದರೆ ಈ ಹೆಸರಿನ ಚರಿತ್ರೆಯನ್ನು ಮುನ್ನಡೆಸಿದ್ದು ಹೆಚ್ಚಾಗಿ ಆ ತಪ್ಪು ಅರ್ಥಗಳೇ. ಅರ್ಥವನ್ನು ಪದದಲ್ಲೂ ಚರಿತ್ರೆಯನ್ನು ಜನರಲ್ಲೂ ಹುಡುಕಬೇಕು, ಒಂದರ ಸ್ಥಾನದಲ್ಲಿ ಇನ್ನೊಂದನ್ನು ಕೂರಿಸಬಾರದು ಎನ್ನುವುದನ್ನು ಈ ಒಂದು ಹೆಸರಿನ ಮೂಲಕ ನಿಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲು ಪದ. ಗ್ರೀಕಿನಲ್ಲಿ 'ಫಿಲೇಓ' ಎಂದರೆ ಪ್ರೀತಿಸುತ್ತೇನೆ, ಅಕ್ಕರೆಯಿಂದ ಕಾಣುತ್ತೇನೆ ಎಂದು. ಫಿಲಾಸಫಿ, ಫಿಲಡೆಲ್ಫಿಯಾ, ಕುದುರೆಗಳನ್ನು ಪ್ರೀತಿಸುವವನು ಎಂಬ ಅರ್ಥದ ಫಿಲಿಪ್, ಎಲ್ಲವೂ ಅದೇ ಬೇರಿನಿಂದ ಬಂದವು. ಆ ಧಾತುವಿನ ಕರ್ಮಣಿ ವರ್ತಮಾನ ಕೃದಂತದ ಸ್ತ್ರೀಲಿಂಗ ರೂಪ 'ಫಿಲೂಮೆನೆ'. ಯಾರನ್ನು ಪ್ರೀತಿಸಲಾಗುತ್ತಿದೆಯೋ ಅವಳು. ಕನ್ನಡದಲ್ಲಿ ಕರ್ಮಣಿ ಪ್ರಯೋಗ ನಾಲಿಗೆಗೆ ಒಗ್ಗುವುದಿಲ್ಲ, ಆದ್ದರಿಂದ 'ಅಕ್ಕರೆಯವಳು' ಎಂದರೆ ಸಾಕು. ಗಮನಿಸಬೇಕಾದದ್ದು ಕಾಲ. ಹಿಂದೆ ಪ್ರೀತಿಗೆ ಪಾತ್ರಳಾಗಿದ್ದವಳು ಎಂದಲ್ಲ, ಮುಂದೆ ಆಗಲಿ ಎಂಬ ಹಾರೈಕೆಯೂ ಅಲ್ಲ. ಈಗ, ನಡೆಯುತ್ತಿರುವ ಪ್ರೀತಿ.

ಈ 'ಮೆನೆ' ಎಂಬ ಪ್ರತ್ಯಯ ನಮಗೆ ಅಪರಿಚಿತವಲ್ಲ. ಸಂಸ್ಕೃತದ 'ಮಾನ' ಪ್ರತ್ಯಯಕ್ಕೂ ಇದಕ್ಕೂ ಮೂಲ ಒಂದೇ. ವರ್ತಮಾನ, ವಿದ್ಯಮಾನ, ದೃಶ್ಯಮಾನ ಎಂಬ ಪದಗಳ ಬಾಲವೂ ಫಿಲೊಮಿನಾಳ ಬಾಲವೂ ಒಂದೇ ಮನೆಯವು. ನಮ್ಮ ಹಳ್ಳಿಗಳ 'ಯಜಮಾನ'ನೂ ವ್ಯಾಕರಣದ ಲೆಕ್ಕದಲ್ಲಿ ಇದೇ ವಂಶದವನು. ವ್ಯಕ್ತಿನಾಮವೇ ಬೇಕೆಂದರೆ ಮಹಾವೀರನ ಹುಟ್ಟುಹೆಸರು ವರ್ಧಮಾನ, ಬೆಳೆಯುತ್ತಿರುವವನು. ಶ್ರವಣಬೆಳಗೊಳದ ಶಾಸನಗಳಲ್ಲಿ ವರ್ಧಮಾನ ಎಂದು ಓದುವವರು ಫಿಲೂಮೆನೆ ಎಂಬ ರಚನೆಯನ್ನು ಕಂಡಾಗ ಬೆರಗಾಗಬೇಕಿಲ್ಲ. ಎರಡೂ ಕೃದಂತಗಳೇ ಹೆಸರಾಗಿ ನಿಂತ ಉದಾಹರಣೆಗಳು.

ಶಕ್ತಿಯನ್ನು ಪ್ರೀತಿಸುವವಳು ಎಂಬ ಎರಡನೆಯ ಅರ್ಥ ಹುಟ್ಟಿದ್ದು ಹೆಸರನ್ನು 'ಫಿಲೋ' ಮತ್ತು 'ಮೆನೋಸ್' ಎಂದು ಒಡೆದವರಿಂದ. ಮೆನೋಸ್ ಎಂದರೆ ಗ್ರೀಕಿನಲ್ಲಿ ಕಸುವು, ಆವೇಶ. ಅದು ನಮ್ಮ 'ಮನಸ್' ಪದದ ದಾಯಾದಿ. ಚೆಂದದ ಅರ್ಥವೇ, ಆದರೆ ಹಳೆಯ ಬರಹಗಳಲ್ಲಿ ಹೆಸರಿನ ನಡುವಿನ ಸ್ವರ 'ಓ' ಅಲ್ಲ, 'ಊ'. ಫಿಲೂಮೆನೆ, ಲ್ಯಾಟಿನ್ನಿನಲ್ಲಿ ಫಿಲುಮೆನಾ. ಆ ಒಂದು ಸ್ವರವೇ ಕೃದಂತದ ಗುರುತು. 'ಓ' ಬಂದು ಕೂತದ್ದು ಆಮೇಲೆ, ಬೇರೊಬ್ಬಳ ದೆಸೆಯಿಂದ. ಅವಳ ಕಥೆಗೆ ಆಮೇಲೆ ಬರುತ್ತೇನೆ.

ಈ ಹೆಸರಿನವರು ಯಾರು? ಕ್ರಿಸ್ತಪೂರ್ವ 2ನೇ ಶತಮಾನದ ರೋಮನ್ ನಾಟಕಕಾರ ಟೆರೆನ್ಸ್ ಗ್ರೀಕ್ ನಾಟಕಗಳನ್ನು ಲ್ಯಾಟಿನ್ನಿಗೆ ತಂದವನು. ಅವನ ಎರಡು ನಾಟಕಗಳಲ್ಲಿ ಫಿಲುಮೆನಾ ಇದ್ದಾಳೆ. ಒಂದರಲ್ಲಿ ಮದುವೆ ಗೊತ್ತಾಗಿರುವ ಹುಡುಗಿ, 'ಅತ್ತೆ' ಎಂಬ ಅರ್ಥದ ಹೆಸರಿನ ಇನ್ನೊಂದರಲ್ಲಿ ಗಂಡನ ಮನೆ ಬಿಟ್ಟು ತವರಿಗೆ ಹೋದ ಸೊಸೆ. ಇಬ್ಬರ ಸುತ್ತಲೂ ಕಥೆ ಸುತ್ತುತ್ತದೆ, ತಂದೆಯರು ಜಗಳವಾಡುತ್ತಾರೆ, ಆಳುಗಳು ಓಡಾಡುತ್ತಾರೆ, ಆದರೆ ಇಬ್ಬರೂ ಒಮ್ಮೆಯೂ ರಂಗದ ಮೇಲೆ ಬರುವುದಿಲ್ಲ. ಎಲ್ಲರೂ ಆಡಿಕೊಳ್ಳುವ, ಯಾರೂ ಕಾಣದ ಹೆಣ್ಣು: ಈ ಹೆಸರಿನ ಮುಂದಿನ ಚರಿತ್ರೆಗೆ ಅದು ಮುನ್ಸೂಚನೆ ಎನ್ನುವಷ್ಟು ಹೊಂದುತ್ತದೆ.

ನಾಟಕದ ಹೊರಗೆ ರೋಮ್ ನಗರದ ಗೋರಿಕಲ್ಲುಗಳಲ್ಲಿ ಈ ಹೆಸರು ಹೊತ್ತವರಲ್ಲಿ ದಾಸಿಯರು, ದಾಸ್ಯದಿಂದ ಬಿಡುಗಡೆ ಪಡೆದವರು ಇದ್ದಾರೆ. ಗುಲಾಮರಿಗೆ ಗ್ರೀಕ್ ಹೆಸರಿಡುವುದು ರೋಮನ್ನರ ರೂಢಿ. ತಾಯಿತಂದೆ ಇಟ್ಟ ಹೆಸರನ್ನು ಕಳಚಿ ಒಡೆಯನು 'ಅಕ್ಕರೆಯವಳು' ಎಂದು ಕರೆಯುತ್ತಿದ್ದ ಹೆಣ್ಣುಮಕ್ಕಳನ್ನು ನೆನೆದರೆ ನಿಘಂಟಿನ ಅರ್ಥಕ್ಕೂ ಬಾಳಿನ ಅರ್ಥಕ್ಕೂ ಎಷ್ಟು ದೂರ ಎಂದು ತಿಳಿಯುತ್ತದೆ.

ಕ್ರಿಸ್ತಶಕ 2ನೇ ಶತಮಾನದ ರೋಮ್‌ನಲ್ಲೇ ಮತ್ತೊಬ್ಬ ಫಿಲುಮೆನೆ ಇದ್ದಳು. ಚರ್ಚಿನಿಂದ ಹೊರಗಾದ ಮಾರ್ಸಿಯನ್‌ನ ಶಿಷ್ಯ ಅಪೆಲ್ಲಿಸ್ ಎಂಬಾತ ಅವಳನ್ನು ದೈವವಾಣಿ ನುಡಿಯುವವಳೆಂದು ನಂಬಿ ಅವಳ ಮಾತುಗಳನ್ನು ಒಂದು ಗ್ರಂಥವಾಗಿ ಬರೆದಿಟ್ಟ. ಗ್ರಂಥ ಉಳಿದಿಲ್ಲ. ಅವಳ ಬಗ್ಗೆ ನಮಗೆ ತಿಳಿದಿರುವುದು ಕ್ರೈಸ್ತ ಲೇಖಕ ತೆರ್ತುಲಿಯನ್‌ನಂಥ ವಿರೋಧಿಗಳು ಬರೆದ ಖಂಡನೆಗಳಿಂದ ಮಾತ್ರ. ಅವಳೂ ತೆರೆಯ ಹಿಂದೆಯೇ ಉಳಿದವಳು. ಮೊದಲು ಅಪೆಲ್ಲಿಸ್‌ನ ಬರಹದ ಹಿಂದೆ, ಆಮೇಲೆ ಎದುರಾಳಿಗಳ ಬೈಗುಳದ ಹಿಂದೆ.

ಇಲ್ಲಿ ಒಂದು ಮಾತು ಸೇರಿಸುತ್ತೇನೆ. ಗ್ರೀಕ್ ಹೆಣ್ಣುಹೆಸರು ಮತ್ತು ಕನ್ನಡ ಎಂದೊಡನೆ ನಿಮಗೆ ಚಾರಿಟಿಯಾನ್ ನೆನಪಾಗಿರಬಹುದು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಪಪೈರಸ್ ಪ್ರಹಸನದ ನಾಯಕಿ, ಭಾರತದ ಕರಾವಳಿಯಲ್ಲಿ ಸೆರೆಯಾದ ಗ್ರೀಕ್ ಯುವತಿ. ಅಲ್ಲಿನ ಅಪರಿಚಿತ ಮಾತುಗಳು ಕನ್ನಡವೆಂದು ವಿದ್ವಾಂಸ ಹುಲ್ಷ್ ವಾದಿಸಿದರು, ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಆ ವಾದವನ್ನು ಬೆಳೆಸಿದರು. ಚರ್ಚೆ ತೀರಿಲ್ಲ. ಅದು ಬೇರೆ ಉಪನ್ಯಾಸದ ವಿಷಯ. ಫಿಲೊಮಿನಾ ಕರ್ನಾಟಕಕ್ಕೆ ಬಂದದ್ದು ಆ ಕಾಲದ ಹಡಗಿನಲ್ಲಲ್ಲ.

ಅವಳು ಹೊರಟದ್ದು 1802ರ ಮೇ ತಿಂಗಳಲ್ಲಿ, ರೋಮ್‌ನ ನೆಲದಡಿಯಿಂದ.

ಸಲಾರಿಯಾ ಹೆದ್ದಾರಿಯ ಬಳಿ ಪ್ರಿಸಿಲ್ಲಾಳ ಹೆಸರಿನ ಕ್ಯಾಟಕೂಂಬ್ ಇದೆ. ಮೆದುಕಲ್ಲಿನಲ್ಲಿ ಕೊರೆದ ಸುರಂಗಗಳು, ಅವುಗಳ ಗೋಡೆಯಲ್ಲಿ ಅಡ್ಡಡ್ಡಕ್ಕೆ ತೋಡಿದ ಗೂಡುಗಳು, ಒಂದೊಂದು ಗೂಡಿನಲ್ಲಿ ಒಂದೊಂದು ದೇಹ. ಗೂಡಿನ ಬಾಯನ್ನು ಕಲ್ಲಿನಿಂದಲೋ ಹೆಂಚಿನಿಂದಲೋ ಮುಚ್ಚಿ ಗಾರೆ ಹಾಕುತ್ತಿದ್ದರು. ಮೇ 24ರಂದು ಕೆಲಸಗಾರರಿಗೆ ಅಲ್ಲಿ ಮೂರು ಹೆಂಚುಗಳಿಂದ ಮುಚ್ಚಿದ ಒಂದು ಗೂಡು ಕಂಡಿತು. ಸುಟ್ಟ ಮಣ್ಣಿನ ಹೆಂಚುಗಳ ಮೇಲೆ ಕೆಂಪು ಬಣ್ಣದ ಬರಹ, ಜೊತೆಗೆ ಲಂಗರು, ಬಾಣ, ತಾಳೆಗರಿಗಳ ಚಿತ್ರ. ಎಡದಿಂದ ಬಲಕ್ಕೆ ಓದಿದರೆ ಹೀಗಿತ್ತು: ಮೊದಲ ಹೆಂಚಿನಲ್ಲಿ 'ಲುಮೆನಾ', ಎರಡನೆಯದರಲ್ಲಿ 'ಪಾಕ್ಸ್ ತೆ', ಮೂರನೆಯದರಲ್ಲಿ 'ಕುಮ್ ಫಿ'. ಅರ್ಥವಾಗದು. ಮೊದಲ ಹೆಂಚನ್ನು ಕೊನೆಗೆ ಇಟ್ಟುಕೊಂಡು ಓದಿದರೆ 'ಪಾಕ್ಸ್ ತೆಕುಮ್, ಫಿಲುಮೆನಾ'. ಫಿಲುಮೆನಾ, ನಿನಗೆ ಶಾಂತಿಯಿರಲಿ.

ಒಳಗಿದ್ದದ್ದು ಹದಿಮೂರು ಹದಿನಾಲ್ಕರ ಹುಡುಗಿಯೊಬ್ಬಳ ಮೂಳೆಗಳು, ಒಂದು ಚಿಕ್ಕ ಗಾಜಿನ ಕುಪ್ಪಿ. ಕುಪ್ಪಿಯಲ್ಲಿ ಒಣಗಿದ ರಕ್ತವಿದೆ, ಇವಳು ಧರ್ಮಕ್ಕಾಗಿ ಪ್ರಾಣ ಕೊಟ್ಟವಳು ಎಂದು ಆ ಕಾಲದವರು ನಿರ್ಧರಿಸಿದರು. ಬಾಣ, ತಾಳೆಗರಿಗಳು ಅದಕ್ಕೆ ಸಾಕ್ಷಿಯಾದವು. 1805ರಲ್ಲಿ ನೇಪಲ್ಸ್ ಸೀಮೆಯ ಮುನ್ಯಾನೊ ಎಂಬ ಊರಿನ ಪಾದ್ರಿ ಫ್ರಾಂಚೆಸ್ಕೊ ದಿ ಲೂಚಿಯಾ ತನ್ನ ಚರ್ಚಿಗೆಂದು ಆ ಅವಶೇಷಗಳನ್ನು ಬೇಡಿ ಪಡೆದ. ಆಗಸ್ಟ್ 10ರಂದು ಊರಿಗೆ ತಂದ. ಮಳೆ ಬಂತು, ಕಾಯಿಲೆ ವಾಸಿಯಾಯಿತು ಎಂಬ ಸುದ್ದಿಗಳು ಹಬ್ಬಿದವು. ಮುನ್ಯಾನೊ ಯಾತ್ರಾಸ್ಥಳವಾಯಿತು.

ಹೆಸರಿದೆ, ಮೂಳೆಯಿದೆ, ಕಥೆಯಿಲ್ಲ. ಭಕ್ತಿಗೆ ಕಥೆಯಿಲ್ಲದೆ ತೀರದು. 1833ರಲ್ಲಿ ನೇಪಲ್ಸಿನ ಸನ್ಯಾಸಿನಿ ಮರಿಯಾ ಲೂಯಿಸಾ ಸಂತ ಫಿಲೊಮಿನಾಳೇ ತನಗೆ ತನ್ನ ಚರಿತ್ರೆ ಹೇಳಿದಳು ಎಂದಳು. ಆ ಪ್ರಕಾರ ಫಿಲೊಮಿನಾ ಗ್ರೀಸಿನ ಒಬ್ಬ ಅರಸನ ಮಗಳು. ಮಕ್ಕಳಿಲ್ಲದ ದಂಪತಿ ಕ್ರೈಸ್ತರಾದ ಮೇಲೆ ಹುಟ್ಟಿದವಳು. ತಂದೆಯ ಜೊತೆ ರೋಮ್‌ಗೆ ಹೋದಾಗ ಚಕ್ರವರ್ತಿ ಡಯೊಕ್ಲಿಷಿಯನ್ ಅವಳನ್ನು ಮದುವೆಯಾಗಲು ಬಯಸಿದ. ಅವಳು ಒಲ್ಲೆನೆಂದಳು. ಲಂಗರು ಕಟ್ಟಿ ಟೈಬರ್ ನದಿಗೆ ಎಸೆದರೂ ಸಾಯಲಿಲ್ಲ, ಬಾಣ ಬಿಟ್ಟರೂ ಸಾಯಲಿಲ್ಲ, ಕೊನೆಗೆ ತಲೆ ಕಡಿದರು. ಹೆಂಚಿನ ಮೇಲಿನ ಒಂದೊಂದು ಚಿತ್ರಕ್ಕೂ ಕಥೆಯಲ್ಲಿ ಒಂದೊಂದು ಘಟನೆ ದೊರೆಯಿತು. ಕ್ಯಾಟಕೂಂಬ್‌ಗಳಲ್ಲಿ ಲಂಗರು ಭರವಸೆಯ ಸಾಮಾನ್ಯ ಚಿಹ್ನೆ, ನೂರಾರು ಗೋರಿಗಳ ಮೇಲಿದೆ ಎಂಬುದು ಆ ಭಕ್ತಿಯ ಕಾಲಕ್ಕೆ ಮುಖ್ಯವೆನಿಸಲಿಲ್ಲ.

ಬೆಳಕಿನ ಮಗಳು ಎಂಬ ಮೂರನೆಯ ಅರ್ಥ ಹುಟ್ಟಿದ್ದು ಇದೇ ವಲಯದಲ್ಲಿ. ಲ್ಯಾಟಿನ್ನಿನಲ್ಲಿ 'ಫಿಲಿಯಾ' ಮಗಳು, 'ಲೂಮೆನ್' ಬೆಳಕು, 'ಫಿಲಿಯಾ ಲೂಮಿನಿಸ್' ಬೆಳಕಿನ ಮಗಳು. ಹೆಂಚುಗಳು ಪಲ್ಲಟವಾಗಿದ್ದರಿಂದ 'ಫಿ' ಒಂದು ಕಡೆ, 'ಲುಮೆನಾ' ಇನ್ನೊಂದು ಕಡೆ ಸಿಡಿದು ಬಿದ್ದಿದ್ದವಲ್ಲ, ಆ ಬಿರುಕಿನಲ್ಲೇ ಈ ಅರ್ಥ ಮೊಳೆಯಿತು. ಹುಟ್ಟುಹೆಸರು ಲುಮೆನಾ, ಜ್ಞಾನಸ್ನಾನದ ಹೆಸರು ಫಿಲುಮೆನಾ ಎಂದು ಆ ಸನ್ಯಾಸಿನಿಯ ಕಥೆ ಹೇಳುತ್ತದೆ. ಗ್ರೀಕ್ ರಾಜಕುಮಾರಿಗೆ ಲ್ಯಾಟಿನ್ ಹೆಸರು ಏಕೆ ಎಂದು ಕೇಳುವವರಿರಲಿಲ್ಲ. ಭಾಷಾಶಾಸ್ತ್ರದ ದೃಷ್ಟಿಯಿಂದ ಈ ಅರ್ಥ ನಿಲ್ಲದು, ಇದನ್ನು ಸ್ಪಷ್ಟವಾಗಿ ಹೇಳಬೇಕು. ಆದರೆ 19ನೇ ಶತಮಾನದಲ್ಲಿ ಮಗಳಿಗೆ ಫಿಲೊಮಿನಾ ಎಂದು ಹೆಸರಿಟ್ಟ ತಾಯಂದಿರಲ್ಲಿ ಬೆಳಕಿನ ಮಗಳು ಎಂದು ನಂಬಿ ಇಟ್ಟವರು ಬಹುಮಂದಿ. ಅವರ ಮಟ್ಟಿಗೆ ಹೆಸರಿನ ಅರ್ಥ ಅದೇ. ಪದದ ಅರ್ಥ ಹೇಳುವಾಗ ಗ್ರೀಕನ್ನೂ ಹೆಸರಿಟ್ಟವರ ಚರಿತ್ರೆ ಬರೆಯುವಾಗ ಆ ತಾಯಂದಿರನ್ನೂ ನಂಬಬೇಕಾಗುತ್ತದೆ.

ಹೆಸರು ಯುರೋಪಿನಲ್ಲೆಲ್ಲ ಹರಡಿದ್ದು ಫ್ರಾನ್ಸಿನ ಇಬ್ಬರಿಂದ. ಒಬ್ಬಳು ಲಿಯೋನ್ ನಗರದ ಪೋಲಿನ್ ಜರಿಕೊ. ಬಡವರಿಂದ ಚಿಲ್ಲರೆ ಕಾಸು ಕೂಡಿಸಿ ದೂರದೇಶಗಳ ಮಿಷನ್‌ಗಳನ್ನು ನಡೆಸುವ ದೊಡ್ಡ ಸಂಘಟನೆಯನ್ನು ಕಟ್ಟಿದ ಹೆಣ್ಣುಮಗಳು. ಸಾವಿನ ಹತ್ತಿರವಿದ್ದ ಆಕೆ 1835ರಲ್ಲಿ ಮುನ್ಯಾನೊಗೆ ಯಾತ್ರೆ ಹೋಗಿ ಗುಣಮುಖಳಾಗಿ ಮರಳಿದ್ದು ಪೋಪ್ 16ನೇ ಗ್ರೆಗರಿಯವರ ಗಮನ ಸೆಳೆಯಿತು. 1837ರಲ್ಲಿ ಫಿಲೊಮಿನಾಳ ಪೂಜೆಗೆ ಅಧಿಕೃತ ಒಪ್ಪಿಗೆ ಸಿಕ್ಕಿತು. ಇನ್ನೊಬ್ಬರು ಆರ್ಸ್ ಎಂಬ ಕುಗ್ರಾಮದ ಪಾದ್ರಿ ಜಾನ್ ಮರಿಯಾ ವಿಯಾನಿ. ಪಾಪನಿವೇದನೆ ಕೇಳುವುದರಲ್ಲಿ ದಿನದ ಬಹುಪಾಲು ಕಳೆಯುತ್ತಿದ್ದ ಈ ಸರಳ ಮನುಷ್ಯನ ಬಳಿಗೆ ಫ್ರಾನ್ಸೆಲ್ಲ ಹರಿದು ಬರುತ್ತಿತ್ತು. ನಡೆದ ಪವಾಡಗಳನ್ನೆಲ್ಲ ಅವರು ಫಿಲೊಮಿನಾಳ ಲೆಕ್ಕಕ್ಕೆ ಬರೆಯುತ್ತಿದ್ದರು, ತಮ್ಮ ಹೆಸರನ್ನು ಅದರ ಹಿಂದೆ ಅಡಗಿಸುತ್ತಿದ್ದರು. ಅವರ ಭಕ್ತರು ಊರಿಗೆ ಮರಳುವಾಗ ಈ ಹೆಸರನ್ನು ಕೊಂಡೊಯ್ದರು. ಫ್ರೆಂಚ್ ಮಿಷನರಿಗಳು ಅದನ್ನು ಸಮುದ್ರದಾಚೆಗೆ ಒಯ್ದರು. ಮೈಸೂರು ಸೀಮೆಯಲ್ಲಿ ಆ ಶತಮಾನದಲ್ಲಿ ದುಡಿದ ಕ್ಯಾಥೊಲಿಕ್ ಪಾದ್ರಿಗಳು ಪ್ಯಾರಿಸ್ಸಿನ ಮಿಷನ್‌ನವರು ಎಂಬುದನ್ನು ನೆನಪಿಡಿ.

ಈಗ ಆ 'ಓ' ಸ್ವರದ ಕಥೆ. ಗ್ರೀಕ್ ಪುರಾಣದಲ್ಲಿ ಫಿಲೊಮೆಲಾ ಎಂಬ ರಾಜಕುಮಾರಿಯಿದ್ದಾಳೆ. ಅಕ್ಕನ ಗಂಡ ಅವಳನ್ನು ಕೆಡಿಸಿ, ಹೇಳಬಾರದೆಂದು ನಾಲಿಗೆ ಕತ್ತರಿಸುತ್ತಾನೆ. ಅವಳು ತನಗಾದದ್ದನ್ನು ಬಟ್ಟೆಯಲ್ಲಿ ನೇಯ್ದು ಅಕ್ಕನಿಗೆ ಕಳಿಸುತ್ತಾಳೆ. ಲ್ಯಾಟಿನ್ ಕವಿಗಳ ಸಂಪ್ರದಾಯದಲ್ಲಿ ಕೊನೆಗೆ ಅವಳು ನೈಟಿಂಗೇಲ್ ಹಕ್ಕಿಯಾಗುತ್ತಾಳೆ. ಮಧ್ಯಯುಗದ ಲಿಪಿಕಾರರ ಕೈಯಲ್ಲಿ ಫಿಲೊಮೆಲಾ 'ಫಿಲೊಮೆನಾ' ಆಯಿತು, ನೈಟಿಂಗೇಲ್ ಹಕ್ಕಿಗೇ ಆ ಹೆಸರು ನಿಂತಿತು. ಇಟಲಿಯ ಲೇಖಕ ಬೊಕ್ಕಾಚೊನ 'ಡೆಕಮೆರಾನ್' ಕೃತಿಯಲ್ಲಿ 1348ರ ಪ್ಲೇಗಿನಿಂದ ತಪ್ಪಿಸಿಕೊಂಡು ಕಥೆ ಹೇಳುವ ಏಳು ಹೆಂಗಳೆಯರಲ್ಲಿ ಒಬ್ಬಳು ಫಿಲೊಮೆನಾ. ಹೀಗೆ ಒಲವಿನ ಹೆಸರಿನ ಸ್ವರ ಹಕ್ಕಿಯ ಹೆಸರಿನ ಕಡೆಗೆ ಜಾರಿತು. 1802ರಲ್ಲಿ ಸಿಕ್ಕ ಹೆಂಚಿನ ಮೇಲೆ ಫಿಲುಮೆನಾ ಎಂದು ಬರೆದಿದ್ದರೂ ಜಗತ್ತು ಅದನ್ನು ಫಿಲೊಮಿನಾ ಎಂದೇ ಬರೆಯಿತು. ನೇಪಲ್ಸಿನ ಜನ ಮಾತ್ರ ತಮ್ಮ ಆಡುಮಾತಿನಲ್ಲಿ ಇಂದಿಗೂ 'ಫಿಲುಮೆನಾ' ಎನ್ನುತ್ತಾರೆ. ಅದು ಆ ಆಡುಮಾತಿನ ಉಚ್ಚಾರಣೆಯ ಗುಣ, ಆದರೂ ಹೆಂಚಿನ ಸ್ವರ ಅಲ್ಲಿ ಮರಳಿ ಕೇಳುತ್ತದೆ.

ಈ ಗೋಜಲಿನಿಂದ ಒಂದು ಸುಂದರ ಸಂಗತಿಯೂ ಹುಟ್ಟಿತು. ಕ್ರಿಮಿಯಾ ಯುದ್ಧದಲ್ಲಿ ಗಾಯಾಳುಗಳ ಆರೈಕೆ ಮಾಡಿದ ಫ್ಲಾರೆನ್ಸ್ ನೈಟಿಂಗೇಲ್ ಕುರಿತು ಅಮೆರಿಕದ ಕವಿ ಲಾಂಗ್‌ಫೆಲೊ 1857ರಲ್ಲಿ ಬರೆದ ಕವನದ ಹೆಸರು 'ಸಾಂತಾ ಫಿಲೊಮೆನಾ'. ನೈಟಿಂಗೇಲ್ ಎಂಬ ಅಡ್ಡಹೆಸರು ಹಕ್ಕಿಯ ಮೂಲಕ ಸಂತ ಫಿಲೊಮಿನಾಳಿಗೆ ಕೊಂಡಿ ಹಾಕಿತು. ದೀಪ ಹಿಡಿದ ಮಹಿಳೆ ಎಂಬ, ನಮ್ಮ ಶಾಲೆಯ ಮಕ್ಕಳಿಗೂ ಗೊತ್ತಿರುವ ಚಿತ್ರವನ್ನು ಜಗತ್ತಿನ ಮನಸ್ಸಿನಲ್ಲಿ ಗಟ್ಟಿಗೊಳಿಸಿದ್ದು ಆ ಕವನ. ಒಲವಿನ ಹೆಸರು, ಹಕ್ಕಿಯ ಹೆಸರು, ಬೆಳಕಿನ ಹೆಸರು, ಮೂರೂ ಒಬ್ಬ ದಾದಿಯ ಕೈದೀಪದಲ್ಲಿ ಕೂಡಿದವು.

ವಿದ್ವಾಂಸರು ಸುಮ್ಮನಿರಲಿಲ್ಲ. 1904ರಲ್ಲಿ ರೋಮ್‌ನ ಪುರಾತತ್ತ್ವಜ್ಞ ಒರಾತ್ಸಿಯೊ ಮರುಕ್ಕಿ ಹೆಂಚುಗಳ ಪ್ರಶ್ನೆಯನ್ನು ಎತ್ತಿಕೊಂಡರು. ಬರಹದ ಶೈಲಿ 2ನೇ ಶತಮಾನದ್ದು, ಗೂಡಿನ ಸಮಾಧಿ 4ನೇ ಶತಮಾನದ್ದು ಎಂದು ಅವರ ತೀರ್ಮಾನ. ಅಂದರೆ ಯಾರದೋ ಹಳೆಯ ಗೋರಿಯ ಹೆಂಚುಗಳನ್ನು ಕಿತ್ತು ಈ ಹುಡುಗಿಯ ಗೂಡಿಗೆ ಬಳಸಿದ್ದಾರೆ. ಒಳಗಿರುವವಳು ಹೆಂಚಿನ ಮೇಲಿನವಳಲ್ಲ ಎಂದು ತಿಳಿಯಲೆಂದೇ ಅವನ್ನು ಹಿಂದುಮುಂದಾಗಿ ಜೋಡಿಸಿದ್ದಾರೆ. ಓದು ಬಾರದ ಕೆಲಸಗಾರ ಅವಸರದಲ್ಲಿ ತಪ್ಪಾಗಿ ಇಟ್ಟಿರಬಹುದು ಎಂದು ಭಕ್ತರ ಪರ ವಾದವೂ ಇದೆ. ನನಗೆ ಮರುಕ್ಕಿಯವರ ವಿವರಣೆ ಹೆಚ್ಚು ಸರಿಯೆನಿಸುತ್ತದೆ. ಶಾಸನಗಳ ಜೊತೆ ಪಳಗಿದ ಕನ್ನಡಿಗರಿಗೆ ಅದು ಸುಲಭವಾಗಿ ಅರ್ಥವಾಗುತ್ತದೆ. ಹಾಳುಬಿದ್ದ ಗುಡಿಯ ಶಾಸನದ ಕಲ್ಲನ್ನು ಕೆರೆಯ ತೂಬಿಗೆ ತಲೆಕೆಳಗಾಗಿ ಸೇರಿಸಿದ್ದನ್ನು ನಾವು ಎಷ್ಟು ಕಡೆ ಕಂಡಿಲ್ಲ? ಆ ಕಲ್ಲಿನಲ್ಲಿರುವ ದಾನಿಗೂ ಈ ಕೆರೆಗೂ ಸಂಬಂಧ ಕಟ್ಟುವವರನ್ನು ನಮ್ಮ ಶಾಸನತಜ್ಞರು ತಡೆದು ನಿಲ್ಲಿಸುತ್ತಾರೆ.

ಹಾಗಾದರೆ ಅಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಹೆಸರು ಉಳಿದು ದೇಹ ಕಳೆದುಹೋದವಳು ಒಬ್ಬಳು, ದೇಹ ಉಳಿದು ಹೆಸರು ಕಳೆದುಕೊಂಡವಳು ಇನ್ನೊಬ್ಬಳು. 19ನೇ ಶತಮಾನ ಇಬ್ಬರನ್ನೂ ಸೇರಿಸಿ ಒಬ್ಬ ಸಂತ ಮಹಿಳೆಯನ್ನಾಗಿ ಮಾಡಿತು. ಮೊದಲನೆಯವಳ 'ನಿನಗೆ ಶಾಂತಿಯಿರಲಿ' ಎಂಬ ಹಾರೈಕೆಯನ್ನು ಕೆಂಪು ಬಣ್ಣದಲ್ಲಿ ಬರೆದವರು ಯಾರು? ತಾಯಿಯೋ ಗಂಡನೋ ಮಗಳೋ. ಅವರಿಗೆ ಅವಳು ನಿಜವಾಗಿಯೂ ಅಕ್ಕರೆಯವಳಾಗಿದ್ದಳು ಎಂಬುದಕ್ಕೆ ಆ ಹೆಂಚುಗಳೇ ಸಾಕ್ಷಿ. ರಾಜಕುಮಾರಿಯ ಕಥೆಗಿಂತ ಈ ಒಂದು ಸಾಲು ನನ್ನನ್ನು ಹೆಚ್ಚು ತಟ್ಟುತ್ತದೆ.

ಸಂತ ಫಿಲೊಮಿನಾಳ ಹೆಸರು ರೋಮನ್ ಹುತಾತ್ಮರ ಅಧಿಕೃತ ಪಟ್ಟಿಯಲ್ಲಿ ಎಂದೂ ಸೇರಿರಲಿಲ್ಲ. 1961ರ ಫೆಬ್ರವರಿಯಲ್ಲಿ ವ್ಯಾಟಿಕನ್ ಫಿಲೊಮಿನಾಳ ಹಬ್ಬವನ್ನು ಎಲ್ಲ ಪಂಚಾಂಗಗಳಿಂದ ತೆಗೆಯುವಂತೆ ಸೂಚಿಸಿತು. ಭಕ್ತಿಯನ್ನು ನಿಷೇಧಿಸಲಿಲ್ಲ, ಮುನ್ಯಾನೊದ ಗುಡಿ ಇಂದಿಗೂ ನಡೆಯುತ್ತಿದೆ. ಆದರೆ ಐರ್ಲೆಂಡಿನಲ್ಲಿ, ಇಟಲಿಯಲ್ಲಿ, ಅಮೆರಿಕದಲ್ಲಿ ಈ ಹೆಸರು ಹೊತ್ತಿದ್ದ ಲಕ್ಷಾಂತರ ಹೆಂಗಸರಿಗೆ ಒಂದು ಬೆಳಗ್ಗೆ ತಮ್ಮ ಹೆಸರಿನ ಹಬ್ಬವಿಲ್ಲವೆಂದು ತಿಳಿಯಿತು. ಹಲವು ಕ್ಯಾಥೊಲಿಕ್ ನಾಡುಗಳಲ್ಲಿ ಹೆಸರಿನ ಹಬ್ಬವೆಂದರೆ ಹುಟ್ಟುಹಬ್ಬದಷ್ಟೇ ಆಪ್ತ. ಹೊಸ ಕೂಸುಗಳಿಗೆ ಈ ಹೆಸರಿಡುವುದು ಅಲ್ಲಿಂದ ಇಳಿಯಿತು.

ಮೈಸೂರಿನ ಚರ್ಚಿಗೆ ಆಗ ಇಪ್ಪತ್ತೈದು ವರ್ಷ.

ಆ ಜಾಗದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿ, ಒಂದು ಚಿಕ್ಕ ಚರ್ಚು ಎದ್ದಿತ್ತು. 1926ರಲ್ಲಿ ಮಹಾರಾಜರ ಕಾರ್ಯದರ್ಶಿಯಾಗಿದ್ದ ತಂಬುಚೆಟ್ಟಿಯವರು ಪೋಪರ ಪ್ರತಿನಿಧಿಯಾಗಿದ್ದ ಪೀಟರ್ ಪಿಸಾನಿಯವರಿಂದ ಫಿಲೊಮಿನಾಳ ಒಂದು ಅವಶೇಷವನ್ನು ಪಡೆದು ಫಾದರ್ ಕೋಶೆಯವರಿಗೆ ಒಪ್ಪಿಸಿದರು. ಅದಕ್ಕೆ ತಕ್ಕ ಚರ್ಚು ಬೇಕೆಂದು ಕೋಶೆಯವರು ಮಹಾರಾಜರನ್ನು ಕೇಳಿಕೊಂಡರು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರೇ ಅಡಿಗಲ್ಲು ಹಾಕಿದರು. ಡೇಲಿ ಎಂಬ ಫ್ರೆಂಚ್ ವಾಸ್ತುಶಿಲ್ಪಿ ಜರ್ಮನಿಯ ಕಲೋನ್ ಕೆಥೆಡ್ರಲ್ಲನ್ನು ಮಾದರಿಯಾಗಿಟ್ಟುಕೊಂಡು ವಿನ್ಯಾಸ ಮಾಡಿದರು. 1936ರಲ್ಲಿ ಕಟ್ಟಡ ರೂಪುಗೊಂಡಿತು. 175 ಅಡಿ ಎತ್ತರದ ಎರಡು ಗೋಪುರಗಳು, ಶಿಲುಬೆಯಾಕಾರದ ತಳವಿನ್ಯಾಸ, ಬಣ್ಣದ ಗಾಜಿನ ಕಿಟಕಿಗಳು. ಬಲಿಪೀಠದ ಕೆಳಗಿನ ನೆಲಮಾಳಿಗೆಯಲ್ಲಿ ಮಲಗಿದ ಭಂಗಿಯ ಫಿಲೊಮಿನಾಳ ಪ್ರತಿಮೆ. ರೋಮ್‌ನ ಸುರಂಗದ ನೆನಪಿಗೆ ನೆಲದಡಿಯ ಜಾಗವೇ ಸರಿ.

1961ರ ಸೂಚನೆಯ ನಂತರವೂ ಮೈಸೂರಿನವರ ಬಾಯಲ್ಲಿ ಅದು ಫಿಲೊಮಿನಾ ಚರ್ಚೇ. ಅಧಿಕೃತ ಹೆಸರಿನಲ್ಲಿ ಸಂತ ಜೋಸೆಫರೂ ಇದ್ದಾರೆ, ಆದರೆ ಆಟೋದವರಿಗೆ ಜೋಸೆಫ್ ಎಂದರೆ ಬೇರೆಲ್ಲಿಗೋ ಕರೆದೊಯ್ದಾರು. ಹರಕೆ ಹೊತ್ತು ಮೇಣದ ಬತ್ತಿ ಹಚ್ಚುವವರಲ್ಲಿ ಎಲ್ಲ ಮತದವರಿದ್ದಾರೆ. ಅವರಿಗೆ ಹೆಂಚಿನ ಕ್ರಮವೂ ಮರುಕ್ಕಿಯವರ ಕಾಲನಿರ್ಣಯವೂ ತಿಳಿಯದು. ತಿಳಿಸಿದರೆ ಬತ್ತಿ ಆರಿಸಿ ಹೋಗುವವರೂ ಅಲ್ಲ. ಅವರನ್ನು ನಾನು ಗೌರವದಿಂದ ಕಾಣುತ್ತೇನೆ. ಆದರೆ ತಿಳಿಸದೆ ಇರುವುದು ಗೌರವವಲ್ಲ ಎಂದೂ ನಂಬುತ್ತೇನೆ.

ಮೈಸೂರಿನಲ್ಲಿ ಅಡಿಗಲ್ಲು ಬಿದ್ದ ಅದೇ 1933ರಲ್ಲಿ ಐರ್ಲೆಂಡಿನಲ್ಲಿ ಒಂದು ಹೆಣ್ಣುಕೂಸು ಹುಟ್ಟಿತು, ಫಿಲೊಮಿನಾ ಲೀ. ಆ ತಲೆಮಾರಿನ ಐರಿಷ್ ಮನೆಗಳಲ್ಲಿ ಅದು ಹೇರಳವಾಗಿದ್ದ ಹೆಸರು. ಮದುವೆಯಿಲ್ಲದೆ ಬಸುರಾದಳೆಂದು ಅವಳನ್ನು ಸನ್ಯಾಸಿನಿಯರ ಆಶ್ರಯಕ್ಕೆ ಸೇರಿಸಿದರು. ಅಲ್ಲಿ ಅವಳಿಗೆ ಬೇರೆ ಹೆಸರು ಕೊಟ್ಟರು, ಮಾರ್ಸೆಲ್ಲಾ. 1952ರಲ್ಲಿ ಹುಟ್ಟಿದ ಮಗನನ್ನು ಮೂರು ವರ್ಷ ಸಾಕಿದ ಮೇಲೆ ಅಮೆರಿಕದ ದಂಪತಿಗೆ ದತ್ತು ಕೊಟ್ಟುಬಿಟ್ಟರು. ತಾಯಿ ಮಗನನ್ನು, ಮಗ ತಾಯಿಯನ್ನು ದಶಕಗಳ ಕಾಲ ಹುಡುಕಿದರು. ಭೇಟಿಯಾಗುವ ಮೊದಲೇ ಮಗ ತೀರಿಕೊಂಡ. ತಾನು ಹುಟ್ಟಿದ ಆ ಆಶ್ರಯದ ನೆಲದಲ್ಲೇ ಮಣ್ಣು ಮಾಡಲು ಕೇಳಿಕೊಂಡಿದ್ದ, ಮುಂದೆಂದಾದರೂ ತಾಯಿ ಬಂದರೆ ಕಾಣಲಿ ಎಂದು. ಪತ್ರಕರ್ತ ಮಾರ್ಟಿನ್ ಸಿಕ್ಸ್‌ಸ್ಮಿತ್ 2009ರಲ್ಲಿ ಇದನ್ನು ಪುಸ್ತಕವಾಗಿಸಿದರು. 2013ರಲ್ಲಿ ಜೂಡಿ ಡೆಂಚ್ ನಟಿಸಿದ ಚಲನಚಿತ್ರ ಬಂತು. ಚಿತ್ರದ ಹೆಸರು ಬರಿದೇ 'ಫಿಲೊಮಿನಾ'. ಕಿತ್ತುಕೊಂಡ ಹೆಸರನ್ನು ಜಗತ್ತೇ ಉಚ್ಚರಿಸಿತು. ಮುಂದಿನ ವರ್ಷ ಫಿಲೊಮಿನಾ ಲೀ ಪೋಪ್ ಫ್ರಾನ್ಸಿಸ್ ಅವರನ್ನು ಭೇಟಿಯಾದರು. ದತ್ತು ದಾಖಲೆಗಳನ್ನು ತೆರೆಯಬೇಕೆಂದು ಹೋರಾಡುತ್ತಿದ್ದ ತಾಯಂದಿರ ದನಿಯಾದರು.

ನೇಪಲ್ಸಿನ ರಂಗಭೂಮಿ ಇದಕ್ಕಿಂತ ಮೊದಲೇ ಇನ್ನೊಬ್ಬ ತಾಯಿಯನ್ನು ಕಂಡಿತ್ತು. ಎದ್ವಾರ್ದೊ ದೆ ಫಿಲಿಪ್ಪೊ ತನ್ನ ಅಕ್ಕ ತಿತಿನಾಳಿಗಾಗಿ ಬರೆದ 'ಫಿಲುಮೆನಾ ಮರ್ತುರಾನೊ' 1946ರಲ್ಲಿ ರಂಗಕ್ಕೆ ಬಂತು. ಬೀದಿಯಿಂದ ಬಂದ ಹೆಣ್ಣು, ಇಪ್ಪತ್ತೈದು ವರ್ಷ ಒಬ್ಬ ಸಿರಿವಂತನ ಮನೆವಾರ್ತೆ ನೋಡಿಕೊಂಡವಳು, ಸಾಯುವ ನಟನೆ ಮಾಡಿ ಅವನನ್ನು ಮದುವೆಯಾಗುತ್ತಾಳೆ. ಮೂವರು ಗಂಡುಮಕ್ಕಳಲ್ಲಿ ಒಬ್ಬ ಅವನವನು. ಯಾರೆಂದು ಕೊನೆಯವರೆಗೂ ಹೇಳಳು, ಹೇಳಿದರೆ ಉಳಿದಿಬ್ಬರು ಅಕ್ಕರೆ ಕಳೆದುಕೊಳ್ಳುತ್ತಾರೆ. ಟೆರೆನ್ಸ್‌ನ ಫಿಲುಮೆನಾಗಳು ರಂಗಕ್ಕೆ ಬರಲೇ ಇಲ್ಲ. ಎರಡು ಸಾವಿರ ವರ್ಷಗಳ ಮೇಲೆ ಅದೇ ಇಟಲಿಯಲ್ಲಿ ಅದೇ ಹೆಸರಿನವಳು ರಂಗದ ನಟ್ಟನಡುವೆ ನಿಂತು ಮನೆಯ ಕಾನೂನನ್ನು ತಾನೇ ಬರೆದಳು.

ನಮ್ಮ ನಾಡಿನ ಮಟ್ಟಿಗೆ ಈ ಹೆಸರಿನ ಚರಿತ್ರೆ ಬರೆಯುವ ಕೆಲಸ ಬಾಕಿಯಿದೆ. ಎಂ. ಎಂ. ಕಲಬುರ್ಗಿಯವರು 'ಕನ್ನಡ ನಾಮವಿಜ್ಞಾನ' ಬರೆದು ದಾರಿ ಹಾಕಿಕೊಟ್ಟರು. ಶಾಸನಗಳ ವ್ಯಕ್ತಿನಾಮಗಳ ಮೇಲೆ ಒಳ್ಳೆಯ ಕೆಲಸ ಆಗಿದೆ. ಆದರೆ ಕರ್ನಾಟಕದ ಚರ್ಚುಗಳಲ್ಲಿರುವ ಜ್ಞಾನಸ್ನಾನದ ದಾಖಲೆಪುಸ್ತಕಗಳನ್ನು ನಾಮವಿಜ್ಞಾನದ ಕಣ್ಣಿನಿಂದ ಓದಿದವರು ಕಡಿಮೆ. ಮೈಸೂರು, ಮಂಗಳೂರು, ಬೆಂಗಳೂರು ಧರ್ಮಪ್ರಾಂತಗಳ ದಾಖಲೆಗಳಲ್ಲಿ ಫಿಲೊಮಿನಾ ಎಂಬ ಹೆಸರು ಮೊದಲು ಯಾವ ವರ್ಷ ಕಾಣಿಸುತ್ತದೆ? 1837ರ ಒಪ್ಪಿಗೆಗೂ ಅದಕ್ಕೂ ಎಷ್ಟು ಅಂತರ? 1926ರಲ್ಲಿ ಅವಶೇಷ ಬಂದ ಮೇಲೆ, 1936ರಲ್ಲಿ ಚರ್ಚು ಎದ್ದ ಮೇಲೆ ಮೈಸೂರಿನಲ್ಲಿ ಆ ಹೆಸರು ಏರಿತೇ? 1961ರ ಸುದ್ದಿ ಹಳ್ಳಿಯ ಮನೆಗಳಿಗೆ ತಲುಪಿ ಹೆಸರು ಇಳಿಯಲು ಎಷ್ಟು ಕಾಲ ಹಿಡಿಯಿತು? ಚೊಚ್ಚಲ ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವ ವಾಡಿಕೆ ಮಂಗಳೂರಿನ ಕ್ಯಾಥೊಲಿಕರಲ್ಲಿದೆ, ಗ್ರೀಸಿನಲ್ಲೂ ಇದೆ, ನಮ್ಮ ಹಲವು ಮನೆತನಗಳಲ್ಲೂ ಇದೆ. ಆ ವಾಡಿಕೆ ಪಂಚಾಂಗದಿಂದ ಅಳಿಸಿದ ಹೆಸರನ್ನು ಎಷ್ಟು ತಲೆಮಾರು ಕಾಪಾಡಿತು?

ಇವಕ್ಕೆ ಉತ್ತರ ಆ ಪುಸ್ತಕಗಳಲ್ಲಿದೆ. ಹಳೆಯವು ಲ್ಯಾಟಿನ್ನಿನಲ್ಲಿವೆ, ಹಾಳೆಗಳು ಪುಡಿಯಾಗುತ್ತಿವೆ. ಈ ದತ್ತಿಯ ಮುಂದಿನ ವರ್ಷಗಳ ಬಡ್ಡಿಯಲ್ಲಿ ಒಂದು ಪಾಲನ್ನು ಒಬ್ಬ ಯುವ ಸಂಶೋಧಕರಿಗೆ ಕೊಟ್ಟು, ಧರ್ಮಪ್ರಾಂತಗಳ ಅನುಮತಿ ಪಡೆದು, ಮೈಸೂರಿನ ದಾಖಲೆಗಳಿಂದ ಕೆಲಸ ಆರಂಭಿಸಬೇಕೆಂದು ಅಧ್ಯಕ್ಷರಲ್ಲಿಯೂ ದಾನಿಗಳ ಕುಟುಂಬದಲ್ಲಿಯೂ ಕೇಳಿಕೊಳ್ಳುತ್ತೇನೆ. ಅದರ ಜೊತೆಗೆ, ಈ ಹೆಸರು ಹೊತ್ತು ಇನ್ನೂ ನಮ್ಮ ನಡುವೆ ಇರುವ ಹಿರಿಯರನ್ನು ಕಂಡು, ಅವರಿಗೆ ಈ ಹೆಸರಿಟ್ಟವರು ಯಾರು, ಏಕೆ ಇಟ್ಟರು ಎಂದು ಕೇಳಿ ಬರೆದಿಡುವ ಕೆಲಸವನ್ನು ಈ ವರ್ಷವೇ ಶುರು ಮಾಡಬಹುದು. ಅದಕ್ಕೆ ಬಡ್ಡಿಗಾಗಿ ಕಾಯಬೇಕಿಲ್ಲ.